ಹಳೇ ಟ್ರಾವೆಲರ್ ಕ್ಯಾಂಪರ್: ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುತ್ತದೆ, ಮುಂದಿನ ದೀಪ ಮಿಣುಕುತ್ತದೆ

ಘಾಟಿ ದಾರಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನನ್ನದು 2004ರ ಟೆಂಪೋ ಟ್ರಾವೆಲರ್. ಆಗಿನ್ನೂ ಕಂಪನಿ ಹೆಸರು ಬಜಾಜ್ ಟೆಂಪೋ ಅಂತಲೇ ಇತ್ತು. ಐದು ವರ್ಷದ ಹಿಂದೆ ಅದನ್ನು ಕ್ಯಾಂಪರ್ ಮಾಡಿಸಿದೆ. ಒಳಗೆ ಎರಡು ಹಾಸಿಗೆ, ಒಂದು ಸಿಂಕ್, ಸಣ್ಣ ಅಡುಗೆ ಕಟ್ಟೆ ಇದೆ. ಹಿಂಬಾಗಿಲ ಎರಡೂ ಪಕ್ಕದ ತಗಡು ತುಕ್ಕು ತಿಂದು ಹೋಗಿತ್ತು. ಅದನ್ನು ತೆಗೆದು ಫೈಬರ್ ಪ್ಯಾನಲ್ ಕೂರಿಸಿದರು. ಹಿಂದಿನ ಲೈಟುಗಳು ಈಗ ಆ ಫೈಬರ್ ಮೇಲೇ ಇವೆ.

ಹೋದ ಭಾನುವಾರ ಮರವಂತೆಯಿಂದ ವಾಪಸ್ ಬರುತ್ತಿದ್ದೆವು. ಆಗುಂಬೆ ಘಾಟಿ ಹತ್ತುವಾಗ ಸಂಜೆ ಆರೂವರೆ. ಎದುರಿನ ತಿರುವೂ ಕಾಣದಷ್ಟು ಮಂಜು. ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಿಂದೆ ಬರುತ್ತಿದ್ದ ಪಿಕಪ್ ಡ್ರೈವರ್ ಇಳಿದು ಬಂದ. "ಅಣ್ಣ, ನೀವು ಬ್ರೇಕ್ ಹಾಕಿದ್ದು ಒಂದು ತಿರುವಲ್ಲೂ ಗೊತ್ತಾಗಲಿಲ್ಲ. ಎರಡು ಸಲ ಸ್ವಲ್ಪದರಲ್ಲಿ ತಪ್ಪಿತು" ಅಂದ. ಮಕ್ಕಳು ಹಿಂದಿನ ಹಾಸಿಗೆಯಲ್ಲೇ ಮಲಗಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಗೆ ಬಂದು ನೋಡಿದ್ದು ಹೀಗೆ. ಪಾರ್ಕಿಂಗ್ ಲೈಟ್ ಹಾಕಿದರೆ ಹಿಂದಿನ ಎರಡೂ ದೀಪ ಉರಿಯುತ್ತವೆ, ಆದರೆ ಮಂಕು. ಆಗ ಬ್ರೇಕ್ ಒತ್ತಿದರೆ ಬೆಳಕು ಜಾಸ್ತಿ ಆಗುವ ಬದಲು ಇನ್ನೂ ಕಡಿಮೆ ಆಗುತ್ತದೆ. ಪಾರ್ಕಿಂಗ್ ಆಫ್ ಮಾಡಿ ಬ್ರೇಕ್ ಒತ್ತಿದರೆ ಮುಂದಿನ ಪಾರ್ಕಿಂಗ್ ದೀಪ, ಮೀಟರ್ ಬೋರ್ಡಿನ ದೀಪ ಸಣ್ಣಗೆ ಮಿಣುಕುತ್ತವೆ! ಬಲ ಇಂಡಿಕೇಟರ್ ಸರಿ ಇದೆ, ಎಡ ಇಂಡಿಕೇಟರ್ ಹಾಕಿದರೆ ಟಿಕಟಿಕ ಅಂತ ವಿಪರೀತ ಜೋರಾಗಿ ಬಡಿಯುತ್ತದೆ. ಇದರ ಜೊತೆಗೆ ಪಾರ್ಕಿಂಗ್ ಫ್ಯೂಸ್ ತಿಂಗಳಿಗೊಂದು ಸಲ ಹಾರುತ್ತದೆ. ಊರಿನ ಎಲೆಕ್ಟ್ರಿಷಿಯನ್ ಎರಡು ಸಲ ನೋಡಿದರು. "ವೈರಿಂಗ್ ಪೂರ್ತಿ ಬದಲಿಸಬೇಕು" ಅಂದರು. ಅದಕ್ಕೂ ಮುಂಚೆ ನಾನೇ ಏನಾದರೂ ಹುಡುಕಬಹುದಾ?

ಬಯಲುಸೀಮೆ ಡ್ರೈವರ್

ಮೊದಲು ಬಲ್ಬ್ ಬಿಚ್ಚಿ ನೋಡಿ. ಬ್ರೇಕ್ ಮತ್ತು ಪಾರ್ಕಿಂಗ್ ಎರಡಕ್ಕೂ ಸೇರಿ ಇರುವುದು ಡಬಲ್ ಫಿಲಮೆಂಟ್ ಬಲ್ಬ್. ಮೇಲೆ 21/5 ವ್ಯಾಟ್ ಅಂತ ಬರೆದಿರುತ್ತದೆ. ಬುಡದಲ್ಲಿ ಎರಡು ಸೀಸದ ಬೊಟ್ಟು ಇರಬೇಕು. ಕೆಲವರು ಇಂಡಿಕೇಟರಿನ ಒಂದೇ ಬೊಟ್ಟಿನ ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸಿಬಿಡುತ್ತಾರೆ. ಆ ಒಂದು ಬೊಟ್ಟು ಹೋಲ್ಡರಿನ ಎರಡೂ ಪಿನ್ನನ್ನು ಸೇರಿಸುತ್ತದೆ. ಆಮೇಲೆ ಬ್ರೇಕ್ ಒತ್ತಿದರೆ ಪಾರ್ಕಿಂಗ್ ಎಲ್ಲಾ ಉರಿಯುತ್ತದೆ. ನಮ್ಮ ಗಾಡಿಯಲ್ಲಿ ಇದೇ ಆಗಿತ್ತು.

ಘಾಟಿ ದಾರಿ

ನೋಡಿದೆ ಅಣ್ಣ. ಎರಡೂ ಕಡೆ ಡಬಲ್ ಫಿಲಮೆಂಟೇ ಇದೆ, 21/5. ಹೊಸ ಬಲ್ಬನ್ನೂ ಹಾಕಿದೆ. ಏನೂ ಬದಲಾಗಲಿಲ್ಲ. ಒಂದು ವಿಷಯ ಅರ್ಥವೇ ಆಗುತ್ತಿಲ್ಲ. ಬಲ್ಬ್ ತೆಗೆದು ಹೋಲ್ಡರಿನಲ್ಲಿ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್ ತೋರಿಸುತ್ತದೆ. ಕರೆಂಟ್ ಇದೆ ಅಂತಾಯ್ತು ಅಲ್ವಾ? ಮತ್ತೆ ಯಾಕೆ ಉರಿಯುವುದಿಲ್ಲ?

ಡಿಪೋ ವೈರಿಂಗ್ (ಹುಬ್ಬಳ್ಳಿ)

ತಮ್ಮಾ, ನಾನು ಬಸ್ ಡಿಪೋದಲ್ಲಿ 31 ವರ್ಷ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತನಾದವನು. ನೀವು ಬರೆದಿರುವ ಲಕ್ಷಣ ಓದಿದ ಕೂಡಲೇ ಹೇಳಬಲ್ಲೆ, ಇದು ಅರ್ತ್ ಸಮಸ್ಯೆ. ಬಲ್ಬ್ ಅಲ್ಲ, ಸ್ವಿಚ್ ಅಲ್ಲ. ವೈರಿಂಗ್ ಪೂರ್ತಿ ಬದಲಿಸುವ ಅಗತ್ಯವೂ ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ತಿಳಿದರೆ ಮುಂದೆ ಯಾರ ಹತ್ತಿರವೂ ಕೇಳಬೇಕಾಗಿಲ್ಲ. ಕರೆಂಟ್ ಬ್ಯಾಟರಿಯಿಂದ ಹೊರಟು ಬಲ್ಬಿಗೆ ಬಂದರೆ ಸಾಲದು. ಬಲ್ಬಿನಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗಲೇಬೇಕು. ಆ ವಾಪಸ್ ದಾರಿಗೇ ಅರ್ತ್ ಅನ್ನುವುದು. ತಗಡಿನ ಬಾಡಿಯಲ್ಲಿ ಆ ವಾಪಸ್ ದಾರಿ ಬಾಡಿಯೇ. ನಿಮ್ಮ ಲೈಟು ಕೂತಿರುವುದು ಫೈಬರ್ ಮೇಲೆ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಪ್ಯಾನಲ್ ಹಾಕಿದವರು ಒಂದು ಅರ್ತ್ ವೈರ್ ಎಳೆದು ಎಲ್ಲೋ ಕಬ್ಬಿಣಕ್ಕೆ ಸ್ಕ್ರೂ ಹೊಡೆದಿರುತ್ತಾರೆ. ಆ ಸ್ಕ್ರೂ ತುಕ್ಕು ಹಿಡಿದಿದೆ.

ಈಗ ನೀವು ಬ್ರೇಕ್ ಒತ್ತುತ್ತೀರಿ. ಬ್ರೇಕ್ ಫಿಲಮೆಂಟಿಗೆ ಕರೆಂಟ್ ಬಂತು, ಮುಂದೆ ವಾಪಸ್ ಹೋಗಲು ದಾರಿ ಇಲ್ಲ. ಅದೇ ಬಲ್ಬಿನ ಒಳಗೆ ಪಾರ್ಕಿಂಗ್ ಫಿಲಮೆಂಟ್ ಇದೆಯಲ್ಲ, ಅದರ ಮೂಲಕ ಹಿಂದುಮುಂದಾಗಿ ನುಗ್ಗುತ್ತದೆ. ಪಾರ್ಕಿಂಗ್ ವೈರ್ ಹಿಡಿದು ಮುಂದಿನ ದೀಪಕ್ಕೆ ಹೋಗುತ್ತದೆ. ಮುಂದೆ ಅರ್ತ್ ಚೆನ್ನಾಗಿದೆ, ಅಲ್ಲಿಂದ ಬ್ಯಾಟರಿ ಸೇರುತ್ತದೆ. ಅದಕ್ಕೇ ನಿಮ್ಮ ಮುಂದಿನ ದೀಪ ಮಿಣುಕುವುದು. ಪಾರ್ಕಿಂಗ್ ಆನ್ ಇದ್ದಾಗ ಆ ಫಿಲಮೆಂಟಿನ ಒಂದು ತುದಿಗೆ ಪಾರ್ಕಿಂಗಿನ 12 ವೋಲ್ಟ್, ಇನ್ನೊಂದು ತುದಿಗೆ ಬ್ರೇಕಿನಿಂದ ಹೆಚ್ಚುಕಡಿಮೆ ಅಷ್ಟೇ ವೋಲ್ಟ್. ಎರಡೂ ಕಡೆ ಸಮ ಆದರೆ ಕರೆಂಟ್ ಯಾವ ಕಡೆಗೂ ಹರಿಯುವುದಿಲ್ಲ. ಅದಕ್ಕೇ ಬ್ರೇಕ್ ಒತ್ತಿದಾಗ ದೀಪ ಮಂಕಾಗುತ್ತದೆ.

ಇನ್ನು ಮೀಟರ್ 12.4 ತೋರಿಸಿದ್ದು. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ. ನೂರು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. 21 ವ್ಯಾಟ್ ಬಲ್ಬಿಗೆ ಸುಮಾರು 1.75 ಆಂಪ್ ಬೇಕು. ಬಲ್ಬ್ ಹಾಕಿ, ಉರಿಸಿ, ಆಗ ಅಳೆಯಬೇಕು. ಖಾಲಿ ಹೋಲ್ಡರ್ ಅಳೆದು ಎಷ್ಟೋ ಜನ ದಾರಿ ತಪ್ಪುತ್ತಾರೆ.

ಪರೀಕ್ಷೆ ಹೀಗೆ ಮಾಡಿ. ಎಂಟು ಮೀಟರ್ ದಪ್ಪ ವೈರ್ ತಗೊಳ್ಳಿ, ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ. ಒಂದು ತುದಿ ಬ್ಯಾಟರಿ ಮೈನಸ್‌ಗೆ. ಇನ್ನೊಂದು ತುದಿಯನ್ನು ಹಿಂದಿನ ಲೈಟ್ ಹೋಲ್ಡರಿನ ಅರ್ತಿಗೆ. ಈಗ ಎಲ್ಲಾ ಸರಿಯಾಗಿ ಉರಿದರೆ ನನ್ನ ಮಾತು ನಿಜ. ಆಮೇಲೆ ಆ ವೈರ್ ತೆಗೆಯಿರಿ. ಯಾರಿಗಾದರೂ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಮೀಟರಿನ ಒಂದು ಕಡ್ಡಿ ಹೋಲ್ಡರ್ ಅರ್ತಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ ಇಡಿ. ಕಡ್ಡಿ ಮುಟ್ಟದಿದ್ದರೆ ಆ ಎಂಟು ಮೀಟರ್ ವೈರನ್ನೇ ಸೇರಿಸಿಕೊಳ್ಳಿ. ಒಳ್ಳೆ ಅರ್ತಿನಲ್ಲಿ 0.1, 0.2 ವೋಲ್ಟ್ ಮೀರಬಾರದು. ಅರ್ಧ ವೋಲ್ಟ್ ದಾಟಿದರೆ ಕೆಲಸ ಇದೆ ಅಂತ ಅರ್ಥ.

ಹೊಸ ಕ್ಯಾಂಪರ್ (ಬೆಂಗಳೂರು)

ಇಂಡಿಕೇಟರ್ ಮಿನುಗಿಸುವ ಫ್ಲಾಷರ್ ಕಟೌಟ್ ಕೂಡ ಕೆಟ್ಟಿರಬಹುದಲ್ವಾ ಸರ್? ಎಡ ಇಂಡಿಕೇಟರ್ ಜೋರಾಗಿ ಬಡಿಯುತ್ತದೆ ಅಂದರಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಬದಲಿಸುತ್ತಿದ್ದೆ. ಜೆ.ಸಿ. ರಸ್ತೆಯಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ.

ಡಿಪೋ ವೈರಿಂಗ್

ಬಲಗಡೆ ಸರಿಯಾಗಿ ಬಡಿಯುತ್ತಿದೆ. ಎರಡೂ ಕಡೆಗೆ ಕಟೌಟ್ ಒಂದೇ. ಅದು ಕೆಟ್ಟಿದ್ದರೆ ಎರಡೂ ಕಡೆ ಕೆಡಬೇಕಿತ್ತು. ಎಡಗಡೆ ಮಾತ್ರ ಜೋರು ಅಂದರೆ ಕಟೌಟಿಗೆ ಎಡಗಡೆ ಲೋಡ್ ಕಡಿಮೆ ಕಾಣುತ್ತಿದೆ. ಮೊದಲು ಅರ್ತ್ ಮುಗಿಸಿ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ.

ಘಾಟಿ ದಾರಿ

ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ! ವೈರ್ ಕಚ್ಚಿಸಿದ ಕೂಡಲೇ ಎರಡೂ ಬ್ರೇಕ್ ಲೈಟ್ ಬೆಂಕಿಯ ಹಾಗೆ ಉರಿದವು. ಮಗಳು ಪೆಡಲ್ ಒತ್ತುತ್ತಾ ಒತ್ತುತ್ತಾ "ಬಂತಾ ಅಪ್ಪ? ಬಂತಾ?" ಅಂತ ಕೂಗುತ್ತಿದ್ದಳು. ವೈರ್ ತೆಗೆದು ಅಳೆದರೆ 4.8 ವೋಲ್ಟ್. 12ರಲ್ಲಿ ಸುಮಾರು 5 ವೋಲ್ಟ್ ಅರ್ತಿನಲ್ಲೇ ಹೋಗುತ್ತಿತ್ತು.

ಆಮೇಲೆ ಅರ್ತ್ ವೈರ್ ಹಿಡಿದು ಹೋದೆ. ಎಡ ಲೈಟಿನದು, ಬಲ ಲೈಟಿನದು, ನಂಬರ್ ಪ್ಲೇಟಿನದು ಮೂರನ್ನೂ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಅಲ್ಲಿಂದ ಒಂದೇ ವೈರ್ ಕೆಳಗೆ ಇಳಿದು, ಹಿಂದಿನ ಮೆಟ್ಟಿಲಿನ ಬ್ರಾಕೆಟ್ಟಿಗೆ ಒಂದು ಸಣ್ಣ ಸ್ಕ್ರೂ. ಬ್ರಾಕೆಟ್ಟಿನ ಪೇಂಟನ್ನೂ ಕೆರೆದಿರಲಿಲ್ಲ. ಚಕ್ರದ ಕೆಸರೆಲ್ಲಾ ನೇರ ಅಲ್ಲಿಗೇ ಎರಚುತ್ತದೆ. ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಪೂರ್ತಿ ಹಸಿರು ಕಿಲುಬು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಐದು ವರ್ಷ ನನ್ನ ಮಕ್ಕಳು ಓಡಾಡಿದ ಗಾಡಿಯ ಬ್ರೇಕ್ ಲೈಟು ಈ ಒಂದು ಸ್ಕ್ರೂ ಮೇಲೆ ನಿಂತಿತ್ತು. ಪ್ಯಾನಲ್ ಕೆಲಸಕ್ಕೆ ನಾನು ಕೊಟ್ಟ ದುಡ್ಡು ಕಡಿಮೆ ಏನಲ್ಲ. ಬಹಳ ಬೇಜಾರಾಯ್ತು.

ಈಗ ಸರಿಯಾಗಿ ಮಾಡಬೇಕು. ಎಲ್ಲಿಗೆ ಅರ್ತ್ ಕೊಡಲಿ?

ಡಿಪೋ ವೈರಿಂಗ್

ಮೆಟ್ಟಿಲಿಗೆ ಬೇಡ. ಚಾಸಿಯ ಉದ್ದ ಪಟ್ಟಿಗೆ ಕೊಡಿ, ಕೆಸರು ಎರಚದ ಒಳಮೈಯಲ್ಲಿ. ಈಗಾಗಲೇ ಇರುವ ತೂತಿನಲ್ಲಿ 8 ಎಂಎಂ ಬೋಲ್ಟ್ ಹಾಕಿ, ಹೊಸ ತೂತು ಕೊರೆಯಬೇಡಿ. ಬೋಲ್ಟ್ ಕೂರುವ ಜಾಗದಲ್ಲಿ ರೂಪಾಯಿ ಅಗಲ ಪೇಂಟ್ ಕೆರೆದು ಬೆಳ್ಳಗೆ ಹೊಳೆಯುವ ಕಬ್ಬಿಣ ಕಾಣಬೇಕು. ವೈರಿಗೆ ರಿಂಗ್ ಲಗ್ ಹಾಕಿ ಇಕ್ಕಳದಿಂದ ಒತ್ತಿ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಗ್ರೀಸ್ ಅಥವಾ ವ್ಯಾಸಲೀನ್ ಮೆತ್ತಿ, ಮೊದಲೇ ಅಲ್ಲ.

ಎರಡೂ ಲೈಟಿಗೆ ಬೇರೆ ಬೇರೆ ಅರ್ತ್ ವೈರ್ ಎಳೆಯಿರಿ. ಒಂದು ಹೋದರೂ ಇನ್ನೊಂದು ಕಡೆ ಬ್ರೇಕ್ ಲೈಟ್ ಉಳಿಯುತ್ತದೆ. ಹಿಂದೆ ಎಲ್ಲಾ ಒಟ್ಟಿಗೆ ಉರಿದರೂ ಆರೇಳು ಆಂಪ್ ಅಷ್ಟೇ. 2.5 ಎಂಎಂ ವೈರ್ ಧಾರಾಳ ಸಾಕು. ಹಾಗೇ ಬ್ಯಾಟರಿ ಮೈನಸ್‌ನಿಂದ ಚಾಸಿಗೆ ಬರುವ ದಪ್ಪ ಪಟ್ಟಿಯನ್ನೂ ಬಿಚ್ಚಿ ಉಜ್ಜಿ ಹಾಕಿ. ಅದನ್ನು ಯಾರೂ ನೋಡುವುದೇ ಇಲ್ಲ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಕ್ಯಾಂಪರಿನ ಒಳಗಿನ ಎರಡನೇ ಬ್ಯಾಟರಿ ಇದ್ದರೆ ಅದನ್ನೂ.

ಕಡಲ ತೀರದ ಮನೆ (ಕುಂದಾಪುರ)

ನಮ್ಮ ಮನೆ ಕಡಲಿನಿಂದ ಅರ್ಧ ಕಿಲೋಮೀಟರ್. ಇಲ್ಲಿ ಉಪ್ಪಿನ ಗಾಳಿಗೆ ಯಾವ ಜಾಯಿಂಟೂ ಎರಡು ಮಳೆಗಾಲ ತಡೆಯುವುದಿಲ್ಲ. ಅದಕ್ಕೆ ನಾನು ಕಲಿತದ್ದು ಹೇಳುತ್ತೇನೆ.

ಕಪ್ಪು ಟೇಪ್ ಸುತ್ತಬೇಡಿ. ಟೇಪ್ ನೀರನ್ನು ತಡೆಯುವುದಿಲ್ಲ, ಒಳಗೆ ಹೋದ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಸಿಗುತ್ತದೆ. ಬಿಸಿ ಮಾಡಿದರೆ ಕುಗ್ಗಿ, ಅಂಟು ಕರಗಿ ಎರಡೂ ತುದಿ ಮುಚ್ಚುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಅದನ್ನೇ ಹಾಕಿ. ಸಿಕ್ಕಿದರೆ ತವರ ಲೇಪಿಸಿದ ತಾಮ್ರದ ವೈರ್ ತಗೊಳ್ಳಿ, ದೋಣಿಗಳಿಗೆ ಬಳಸುವಂಥದ್ದು.

ಇನ್ನೊಂದು ಮುಖ್ಯ ವಿಷಯ. ಲೈಟಿನ ಸುತ್ತ ಸಿಲಿಕೋನ್ ಹಚ್ಚುವಾಗ ಹುಳಿ ವಾಸನೆ ಬರುವ ಸಿಲಿಕೋನ್ ಬೇಡ. ವಿನೆಗರ್ ಥರ ಮೂಗಿಗೆ ಬಡಿಯುತ್ತದಲ್ಲ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಅಂತ ಬರುತ್ತದೆ, ಅದು ಸರಿ. ಲೈಟಿನ ಕೆಳಗಡೆ ಒಂದು ಸಣ್ಣ ತೂತು ಇರುತ್ತದೆ. ನೀರು ಹೊರಗೆ ಹೋಗಲಿ ಅಂತ ಕಂಪನಿಯವರೇ ಕೊಟ್ಟಿರುವುದು. ಅದನ್ನು ಮುಚ್ಚಬೇಡಿ. ನಮ್ಮ ಯಜಮಾನರು ನೀರು ಬಾರದಿರಲಿ ಅಂತ ಅದನ್ನೂ ಮುಚ್ಚಿದ್ದರು. ಆ ಸಲ ಜುಲೈನಲ್ಲಿ ಲೈಟಿನೊಳಗೆ ಅರ್ಧ ಲೋಟ ನೀರು ನಿಂತಿತ್ತು.

ಮರವಂತೆಯಲ್ಲಿ ಗಾಡಿ ನಿಲ್ಲಿಸಿದ್ದಿರಿ ಅಂದಿರಿ. ಅಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ರಾತ್ರಿ ಪೂರ್ತಿ ನಿಂತರೆ ಬೆಳಿಗ್ಗೆ ಗಾಜಿನ ಮೇಲೆ ಉಪ್ಪು ಕೈಗೆ ಹತ್ತುತ್ತದೆ. ಮನೆಗೆ ಹೋದ ದಿನವೇ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ.

ಮಂಜಿನ ಊರು (ಇಂಗ್ಲೆಂಡ್)

ಇಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಹಾಕುತ್ತಾರೆ, ಮಂಜುಗಡ್ಡೆ ಕಟ್ಟದಿರಲಿ ಅಂತ. ನನ್ನ 1998ರ ಕ್ಯಾಂಪರಿನಲ್ಲೂ ಇದೇ ಕಾಯಿಲೆ ಬಂದಿತ್ತು. ಮೂರು ವರ್ಷ ದಾಟಿದ ಗಾಡಿಗೆ ಇಲ್ಲಿ ಪ್ರತಿ ವರ್ಷ ಎಂಓಟಿ ತಪಾಸಣೆ. ಬ್ರೇಕ್ ಲೈಟ್ ಉರಿಯದಿದ್ದರೆ ಪಾಸ್ ಮಾಡುವುದಿಲ್ಲ. ನಮ್ಮಲ್ಲೂ ಹಳೇ ಗಾಡಿ ಇಟ್ಟುಕೊಂಡವರು ವರ್ಷಕ್ಕೊಮ್ಮೆ ತಾವೇ ಹೀಗೆ ಅಳೆದುಕೊಳ್ಳಬೇಕು ಅನ್ನಿಸುತ್ತದೆ. ಡಿಪೋ ಸರ್ ಹೇಳಿದ ಪರೀಕ್ಷೆಗೆ ಹತ್ತು ನಿಮಿಷ ಸಾಕು.

ಘಾಟಿ ದಾರಿ

ಅಕ್ಕ, ಆ ಹುಳಿ ವಾಸನೆಯ ಸಿಲಿಕೋನೇ ನಮ್ಮ ಲೈಟಿನ ಹಿಂದೆ ಇತ್ತು. ಎಲ್ಲಾ ಕೆರೆದು ತೆಗೆದೆ.

ಅರ್ತ್ ಕೆಲಸ ಮುಗಿಯಿತು. ಈಗ ಬ್ರೇಕ್ ಒತ್ತಿದಾಗ ಅಳೆದರೆ 0.09 ವೋಲ್ಟ್! ಮುಂದಿನ ದೀಪ ಮಿಣುಕುವುದು ನಿಂತಿತು. ಆದರೆ ಎಡ ಇಂಡಿಕೇಟರ್ ಇನ್ನೂ ಜೋರಾಗೇ ಬಡಿಯುತ್ತಿದೆ. ಈಗ ನೆನಪಾಯಿತು, ಹಿಂದಿನ ಎಡ ಇಂಡಿಕೇಟರಿಗೆ ಹೋದ ವರ್ಷ ಎಲ್‌ಇಡಿ ಬಲ್ಬ್ ಹಾಕಿಸಿದ್ದೆ. ಅದೇ ಕಾರಣವಾ?

ಡಿಪೋ ವೈರಿಂಗ್

ಅದೇ. ಮಾಮೂಲಿ ಇಂಡಿಕೇಟರ್ ಬಲ್ಬ್ 21 ವ್ಯಾಟ್. ಎಲ್‌ಇಡಿ ಮೂರೋ ನಾಲ್ಕೋ ವ್ಯಾಟ್. ಕಟೌಟಿಗೆ ಒಂದು ಬಲ್ಬ್ ಸುಟ್ಟುಹೋದ ಹಾಗೆ ಕಾಣುತ್ತದೆ, ಅದಕ್ಕೆ ಜೋರಾಗಿ ಬಡಿದು ನಿಮಗೆ ತಿಳಿಸುತ್ತಿದೆ. ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು ಅಂತ ನಿಯಮ. ಹಿಂದೆ ಇರುವವನಿಗೆ ಅದು ಇಂಡಿಕೇಟರ್ ಅಂತ ಅನ್ನಿಸಬೇಕಾದರೆ ಆ ಮಿತಿ ಬೇಕೇ ಬೇಕು.

ಮಾಮೂಲಿ ಬಲ್ಬನ್ನೇ ವಾಪಸ್ ಹಾಕಿ. ಎಲ್‌ಇಡಿನೇ ಬೇಕು ಅಂದರೆ ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಿ. ಕೆಲವರು ಕಟೌಟಿಗೆ ಲೋಡ್ ಜಾಸ್ತಿ ಕಾಣಲಿ ಅಂತ ರೆಸಿಸ್ಟರ್ ಕಟ್ಟುತ್ತಾರೆ. ಅದು ಕೈ ಸುಡುವಷ್ಟು ಬಿಸಿ ಆಗುತ್ತದೆ. ಫೈಬರ್ ಪ್ಯಾನಲ್ ಮೇಲೆ, ಪ್ಲೈವುಡ್ ಪಕ್ಕದಲ್ಲಿ ಅದನ್ನು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ಜನ ಮಲಗುವ ಗಾಡಿ ಅದು.

ಬಯಲುಸೀಮೆ ಡ್ರೈವರ್

ಫ್ಯೂಸ್ ಹಾರುವ ವಿಷಯ ಉಳಿಯಿತಲ್ಲ. ಮೊದಲು ಎಷ್ಟು ಆಂಪ್ ಫ್ಯೂಸ್ ಇದೆ ನೋಡಿ.

ಘಾಟಿ ದಾರಿ

ನೋಡಿದೆ. ಕೆಂಪು ಬಣ್ಣದ 10 ಆಂಪ್ ಇರಬೇಕಾದ ಜಾಗದಲ್ಲಿ ಹಸಿರು ಇತ್ತು, 30 ಆಂಪ್. ಅದೂ ಹಾರುತ್ತಿತ್ತು! ಯಾರು ಹಾಕಿದರೋ ಗೊತ್ತಿಲ್ಲ. ಗಮನಿಸಿದ್ದೇನೆಂದರೆ ಹಿಂಬಾಗಿಲು ತೆಗೆದು ಸಾಮಾನು ಇಳಿಸಿದ ಮೇಲೇ ಹೆಚ್ಚಾಗಿ ಹಾರುವುದು.

ಡಿಪೋ ವೈರಿಂಗ್

30 ಆಂಪ್ ಫ್ಯೂಸನ್ನು ಈಗಲೇ ತೆಗೆದು ಬಿಸಾಕಿ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಸಣ್ಣ ವೈರಿಗೆ 30 ಆಂಪ್ ಹಾಕಿದರೆ ಫ್ಯೂಸ್ ಹಾರುವ ಮೊದಲೇ ವೈರ್ ಬಿಸಿಯಾಗುತ್ತದೆ, ಇನ್ಸುಲೇಷನ್ ಕರಗುತ್ತದೆ. ನಿಮ್ಮಲ್ಲಿ ವೈರಿನ ಪಕ್ಕ ಪ್ಲೈವುಡ್ ಇದೆ, ಪರದೆ ಇದೆ, ಗ್ಯಾಸ್ ಸಿಲಿಂಡರ್ ಇದೆ. ಒಂದು ಬಸ್ಸು ಹೀಗೆ ಸುಟ್ಟು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವವರೂ ಇದ್ದಾರೆ. ದಯವಿಟ್ಟು ಯಾರೂ ಮಾಡಬೇಡಿ.

ಶಾರ್ಟ್ ಹುಡುಕಲು ಫ್ಯೂಸ್ ಸುಡುತ್ತಾ ಕೂರಬೇಕಿಲ್ಲ. ಒಂದು 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸ್ ತೆಗೆದು ಅದರ ಎರಡು ಕಾಲಿನ ಜಾಗಕ್ಕೆ ಆ ವೈರ್ ಸಿಕ್ಕಿಸಿ. ಪಾರ್ಕಿಂಗ್ ಆನ್ ಮಾಡಿ. ಬಲ್ಬ್ ಅರೆಬರೆ ಉರಿಯುತ್ತದೆ, ಅದು ಸಹಜ, ಪಾರ್ಕಿಂಗ್ ದೀಪಗಳ ಲೋಡ್ ಅದು. ಈಗ ಒಬ್ಬರು ಬಲ್ಬ್ ನೋಡುತ್ತಿರಲಿ. ನೀವು ಹಿಂಬಾಗಿಲನ್ನು ನಿಧಾನ ತೆಗೆದು ಹಾಕಿ ಮಾಡಿ, ವೈರನ್ನು ಅಲ್ಲಲ್ಲಿ ಅಲ್ಲಾಡಿಸಿ. ಯಾವ ಕ್ಷಣದಲ್ಲಿ ಬಲ್ಬ್ ಫುಲ್ ಬೆಳಕು ಕೊಡುತ್ತದೋ ಅಲ್ಲೇ ವೈರ್ ಕಬ್ಬಿಣಕ್ಕೆ ತಾಗುತ್ತಿದೆ. ಬಲ್ಬ್ ಮಧ್ಯದಲ್ಲಿ ಇರುವುದರಿಂದ ಕರೆಂಟ್ ಎರಡು ಆಂಪ್ ಒಳಗೇ ಇರುತ್ತದೆ. ಏನೂ ಸುಡುವುದಿಲ್ಲ.

ಹೊಸ ಕ್ಯಾಂಪರ್

ಇದು ಎಷ್ಟು ಸರಳ! ಇದನ್ನು ಬರೆದಿಟ್ಟುಕೊಂಡೆ ಸರ್.

ಘಾಟಿ ದಾರಿ

ಸಿಕ್ಕಿತು. ಹಿಂಬಾಗಿಲು ಮಾತ್ರ ಹಳೇ ತಗಡಿನದು. ನಂಬರ್ ಪ್ಲೇಟ್ ಲೈಟಿನ ವೈರ್ ಕೀಲಿನ ಪಕ್ಕದ ತೂತಿನಿಂದ ಬಾಗಿಲೊಳಗೆ ಹೋಗುತ್ತದೆ. ಆ ತೂತಿಗೆ ರಬ್ಬರ್ ಬುಷ್ ಇರಲಿಲ್ಲ. ಬಾಗಿಲು ತೆಗೆದು ಹಾಕಿದಂತೆಲ್ಲಾ ತಗಡಿನ ಅಂಚು ವೈರನ್ನು ಉಜ್ಜಿ ಉಜ್ಜಿ ತಾಮ್ರ ಹೊರಗೆ ಬಂದಿತ್ತು. ಬಾಗಿಲು ಮುಕ್ಕಾಲು ತೆಗೆದಾಗ ಸರಿಯಾಗಿ ತಾಗುತ್ತಿತ್ತು. ನನ್ನ ಹೆಂಡತಿ ಮುಂದೆ ಕೂತು ಬಲ್ಬ್ ನೋಡುತ್ತಿದ್ದಳು. "ಈಗ!" ಅಂತ ಕೂಗಿದಳು, ನಾನು ಕೈ ಅಲ್ಲೇ ನಿಲ್ಲಿಸಿದೆ.

ಹೊಸ ವೈರ್, ರಬ್ಬರ್ ಬುಷ್, ಮೇಲೊಂದು ಫ್ಲೆಕ್ಸಿಬಲ್ ಪೈಪ್ ಹಾಕಿದ್ದೇನೆ. ಬಾಗಿಲು ಪೂರ್ತಿ ತೆರೆದಾಗ ಎಳೆಯದಿರಲಿ ಅಂತ ಸ್ವಲ್ಪ ಉದ್ದ ಬಿಟ್ಟಿದ್ದೇನೆ. ಫ್ಯೂಸ್ 10 ಆಂಪ್. ಇಂಡಿಕೇಟರಿಗೆ ಮಾಮೂಲಿ ಬಲ್ಬ್. ಗಡಿಯಾರ ಇಟ್ಟು ಎಣಿಸಿದೆ, ನಿಮಿಷಕ್ಕೆ 84.

ಖರ್ಚು ಎಲ್ಲಾ ಸೇರಿ 900 ರೂಪಾಯಿ ಒಳಗೇ ಮುಗಿಯಿತು. ಪೂರ್ತಿ ವೈರಿಂಗಿಗೆ 18,000 ಕೇಳಿದ್ದರು.

ಕಡಲ ತೀರದ ಮನೆ

ತುಂಬಾ ಖುಷಿ ಆಯ್ತು ತಮ್ಮಾ. ಮಳೆ ಶುರುವಾಗುವ ಮೊದಲೇ ಮುಗಿಸಿದಿರಿ.

ಡಿಪೋ ವೈರಿಂಗ್

ಮಳೆಗಾಲ ಮುಗಿದ ಮೇಲೆ ಆ 0.09 ಎಷ್ಟಾಗಿದೆ ಅಂತ ಮತ್ತೆ ಅಳೆದು ಇಲ್ಲೇ ಬರೆಯಿರಿ. ಬೋಲ್ಟ್ ಒಂದೇ ಸಲ ಬಿಗಿ ಮಾಡಿದರೆ ಸಾಲದು, ಗಾಡಿ ಅಲುಗಾಡಿ ಸಡಿಲ ಆಗುತ್ತದೆ.

ಘಾಟಿ ದಾರಿ

ಅಕ್ಟೋಬರ್ ಎರಡನೇ ವಾರ. ಮಾತು ಕೊಟ್ಟಿದ್ದೆ, ಬರೆಯುತ್ತಿದ್ದೇನೆ. ಇವತ್ತು 0.11 ಬಂತು. ಬೋಲ್ಟ್ ಕಾಲು ಸುತ್ತು ತಿರುಗಿತು, ಬಿಗಿ ಮಾಡಿದೆ, ಮತ್ತೆ 0.09. ಲೈಟಿನೊಳಗೆ ಒಂದು ಹನಿ ನೀರಿಲ್ಲ. ಫ್ಯೂಸ್ ಒಂದೂ ಹಾರಿಲ್ಲ.

ನಿನ್ನೆ ಸಂಜೆ ಸೋಮೇಶ್ವರದಿಂದ ಆಗುಂಬೆಗೆ ಹತ್ತಿದೆವು, ಮೊದಲ ಸಲದಷ್ಟೇ ಮಂಜು. ನನ್ನ ತಮ್ಮನಿಗೆ ಬೈಕಿನಲ್ಲಿ ಹಿಂದೆ ದೂರ ಇಟ್ಟುಕೊಂಡು ಬರಲು ಹೇಳಿದ್ದೆ. ಮೇಲೆ ಬಂದು ಹೆಲ್ಮೆಟ್ ತೆಗೆದು ಅವನು ಹೇಳಿದ್ದು: "ಅಣ್ಣ, ಗಾಡಿ ಕಾಣುತ್ತಿರಲಿಲ್ಲ, ಹದಿನಾಲ್ಕು ತಿರುವಲ್ಲೂ ಬ್ರೇಕ್ ಲೈಟ್ ಕಾಣುತ್ತಿತ್ತು."